ಆಫೀಸಿನ ಹಳೇ ಡೆಸ್ಕ್‌ಟಾಪಿಗೆ ಕಡಿಮೆ ಖರ್ಚಿನ ಗ್ರಾಫಿಕ್ಸ್ ಕಾರ್ಡ್: ಕೊಳ್ಳುವ ಮೊದಲು ಏನೇನು ನೋಡಬೇಕು?

ಕಂಪನಿಗಳು ಕೆಲವು ವರ್ಷ ಬಳಸಿ ಬಿಟ್ಟ ಡೆಸ್ಕ್‌ಟಾಪ್‌ಗಳು ಈಗ ಕಾಸರಗೋಡು, ಮಂಜೇಶ್ವರ ತಾಲೂಕಿನ ಎಷ್ಟೋ ಮನೆಗಳಲ್ಲಿ ಉಂಟು. ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಪ್ರೊಡೆಸ್ಕ್, ಲೆನೊವೊ ಥಿಂಕ್‌ಸೆಂಟರ್, ಹೀಗೆ. ಒಂದನ್ನು ಮಂಗಳೂರಿನಿಂದ ತಂದಿರುತ್ತಾರೆ. ಇನ್ನೊಂದನ್ನು ಬೆಂಗಳೂರಿನಲ್ಲಿರುವ ಮಗ ಕಳಿಸಿರುತ್ತಾನೆ. ಮತ್ತೊಂದು ರಿಫರ್ಬಿಶ್ಡ್ ಎಂದು ಆನ್‌ಲೈನ್‌ನಲ್ಲಿ ಬಂದಿರುತ್ತದೆ. ಗಟ್ಟಿಮುಟ್ಟಾದ ಮಷಿನ್‌ಗಳೇ. ಟೈಪಿಂಗ್, ಲೆಕ್ಕಪತ್ರ, ಆನ್‌ಲೈನ್ ಕ್ಲಾಸಿಗೆ ಧಾರಾಳ ಸಾಕು. ಆದರೆ ರಾತ್ರಿಯಿಡೀ ತೆಗೆದ ಯಕ್ಷಗಾನದ ವಿಡಿಯೋವನ್ನು ಎಡಿಟ್ ಮಾಡಲು ಕೂತಾಗ, ಇಂಜಿನಿಯರಿಂಗ್ ಓದುವ ಮಗಳು ಬ್ಲೆಂಡರ್ ಎಂಬ 3ಡಿ ಚಿತ್ರದ ತಂತ್ರಾಂಶ ತೆರೆದಾಗ, ಹುಡುಗರು ಹೊಸ ಗೇಮ್ ಹಾಕಿದಾಗ ಅವು ಸುಸ್ತಾಗುತ್ತವೆ. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: "ಒಂದು ಗ್ರಾಫಿಕ್ಸ್ ಕಾರ್ಡ್ ಹಾಕಿಸಿ, ಸರಿಯಾಗ್ತದೆ."

ಚಿತ್ರ, ವಿಡಿಯೋ, ಗೇಮ್‌ನ ಲೆಕ್ಕವನ್ನು ಪ್ರೊಸೆಸರ್‌ನ ಬದಲು ತಾನು ಹೊತ್ತುಕೊಳ್ಳುವ ಬೇರೆ ಬೋರ್ಡು ಅದು. ಸರಿಯಾಗಬಹುದು. ಆದರೆ ಯೂಟ್ಯೂಬ್ ನೋಡಿ, "ಬೆಸ್ಟ್ ಬಜೆಟ್ ಕಾರ್ಡ್" ಎಂದು ಹುಡುಕಿ ತರಿಸಿದ ಕಾರ್ಡ್ ಇಂಥ ಮಷಿನ್‌ಗೆ ಕೂರದೇ ಇರುವ ಸಾಧ್ಯತೆಯೇ ಜಾಸ್ತಿ. ಆ ವಿಡಿಯೋಗಳೆಲ್ಲ ಬಿಡಿಬಿಡಿಯಾಗಿ ಜೋಡಿಸಿದ ದೊಡ್ಡ ಕಂಪ್ಯೂಟರ್‌ಗಳನ್ನು ಮನಸ್ಸಿನಲ್ಲಿಟ್ಟು ಮಾಡಿದಂಥವು. ನಮ್ಮದು ಕಂಪನಿಯವರು ಅಳೆದು ಮುಚ್ಚಿಕೊಟ್ಟ ಪೆಟ್ಟಿಗೆ. ಇದಕ್ಕೆ ಯಾವ ಕಾರ್ಡ್ ಎಂದು ಮೊದಲು ತೀರ್ಮಾನಿಸುವುದು ಕ್ಯಾಬಿನೆಟ್ಟು. ಆಮೇಲೆ ಎಸ್‌ಎಂಪಿಎಸ್, ಅಂದರೆ ಮಷಿನ್‌ನ ಒಳಗೆ ಕರೆಂಟ್ ಹಂಚುವ ಪೆಟ್ಟಿಗೆ. ನಮ್ಮ ಜೇಬಿನ ಮಾತು ಬರುವುದು ಕೊನೆಗೆ. ಈ ಕ್ರಮದಲ್ಲೇ ಒಂದೊಂದಾಗಿ ನೋಡೋಣ.

ಮೊದಲ ಹೆಜ್ಜೆ: ಕಾರ್ಡ್ ನಿಜವಾಗಿ ಬೇಕಾ?

ಕನ್ನಡ ಟೈಪಿಂಗ್, ಟ್ಯಾಲಿ, ಬ್ಯಾಂಕಿನ ಕೆಲಸ, ವಿಡಿಯೋ ನೋಡುವುದು: ಇಷ್ಟೇ ಆದರೆ ಕಾರ್ಡ್ ಬೇಡ. ಎರಡು ಮಾನಿಟರ್ ಬೇಕು ಎಂಬ ಕಾರಣಕ್ಕೂ ಬೇಡ. ಈ ಆಫೀಸ್ ಮಷಿನ್‌ಗಳ ಹಿಂದೆ ಸಾಮಾನ್ಯವಾಗಿ ಮಾನಿಟರ್ ಸಿಕ್ಕಿಸುವ ಎರಡು ಮೂರು ಪೋರ್ಟ್ ಇರುತ್ತವೆ. ಸರಿಯಾದ ಕೇಬಲ್ ತಂದರೆ ಕೆಲಸ ಮುಗಿಯಿತು.

ಮಷಿನ್ ಒಟ್ಟಾರೆ ನಿಧಾನವೇ? ಹಾಗಾದರೆ ಹಾರ್ಡ್ ಡಿಸ್ಕ್ ತೆಗೆದು ಅದಕ್ಕಿಂತ ಚುರುಕಾದ ಎಸ್‌ಎಸ್‌ಡಿ ಹಾಕಿ. ಕಾರ್ಡಿಗಿಂತ ಹತ್ತು ಪಾಲು ಹೆಚ್ಚು ಬದಲಾವಣೆ ಅನುಭವಕ್ಕೆ ಬರುವುದು ಅಲ್ಲಿ. ನಂತರ ರ‍್ಯಾಮ್ ನೋಡಿ. ಎಷ್ಟೋ ಮಷಿನ್‌ಗಳಲ್ಲಿ 8 ಜಿಬಿಯ ಒಂದೇ ಕಡ್ಡಿ ಹಾಕಿರುತ್ತಾರೆ. ಪ್ರೊಸೆಸರ್‌ನ ಒಳಗೇ ಇರುವ ಗ್ರಾಫಿಕ್ಸ್‌ಗೆ ಬೇರೆ ಮೆಮೊರಿ ಇಲ್ಲ, ಅದು ಇದೇ ರ‍್ಯಾಮನ್ನು ಹಂಚಿಕೊಳ್ಳುತ್ತದೆ. ಅದೇ ಥರದ ಇನ್ನೊಂದು ಕಡ್ಡಿ ಪಕ್ಕದ ಚಾನೆಲ್‌ಗೆ ಹಾಕಿದರೆ ಮೆಮೊರಿಯ ದಾರಿ ಎರಡರಷ್ಟು ಅಗಲವಾಗುತ್ತದೆ. ಹಳೇ ಗೇಮ್‌ಗಳು ಇಷ್ಟರಲ್ಲೇ ಓಡುವಂತಾಗುವುದುಂಟು. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿದೆ, ನಿಜ. ಆದರೂ ಹಳೇ ಡಿಡಿಆರ್4 ಕಡ್ಡಿ ಕಾರ್ಡಿಗಿಂತ ಅಗ್ಗಕ್ಕೆ ಸಿಗುತ್ತದೆ.

ವಿಡಿಯೋ ಎಡಿಟ್ ಮಾಡುವವರಿಗೆ ಇನ್ನೊಂದು ಮಾತು. ಇಂಟೆಲ್ ಪ್ರೊಸೆಸರ್‌ಗಳ ಒಳಗೆ ಕ್ವಿಕ್ ಸಿಂಕ್ ಎಂಬ ಭಾಗ ಉಂಟು. ವಿಡಿಯೋ ಬಿಚ್ಚುವುದು, ಮತ್ತೆ ಕಟ್ಟುವುದು ಅದರ ಕೆಲಸ. ಎಡಿಟಿಂಗ್ ತಂತ್ರಾಂಶದ ಸೆಟ್ಟಿಂಗ್ಸ್‌ನಲ್ಲಿ ಹಾರ್ಡ್‌ವೇರ್ ಎನ್‌ಕೋಡಿಂಗ್ ಆನ್ ಆಗಿದೆಯಾ ಎಂದು ಮೊದಲು ನೋಡಿ. ಸುಮ್ನೆ ಆಫ್ ಆಗಿ ಬಿದ್ದಿರುವುದೇ ಹೆಚ್ಚು.

ಇಷ್ಟು ಮಾಡಿಯೂ ಸಾಲದೆ ಹೋದರೆ ಕಾರ್ಡ್ ಬೇಕು. ಡಾವಿಂಚಿ ರಿಸಾಲ್ವ್‌ನಂಥ ಎಡಿಟರ್ ಬಳಸುವವರಿಗೆ ಬೇಕು, ಅದು ಬಹುತೇಕ ಎಲ್ಲ ಕೆಲಸವನ್ನೂ ಕಾರ್ಡಿನ ಮೇಲೇ ಹಾಕುತ್ತದೆ. ಬ್ಲೆಂಡರ್‌ನಲ್ಲಿ ರೆಂಡರ್ ಮಾಡುವ, ಅಂದರೆ ಕೊನೆಯ ಚಿತ್ರ ತೆಗೆಯುವವರಿಗೆ ಬೇಕು. ಮೂರು ಆಯಾಮದಲ್ಲಿ ಮನೆಯ ಪ್ಲಾನ್ ಮಾಡುವವರಿಗೆ ಬೇಕು. ಗೇಮ್ ಆಡುವವರಿಗಂತೂ ಬೇಕೇ ಬೇಕು.

ಇಲ್ಲೇ ಮಷಿನ್‌ನ ವಯಸ್ಸನ್ನೂ ನೋಡಿಬಿಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ನಿಯಮದ ಪ್ರಕಾರ ಬೇಕೆಂದರೆ ಇಂಟೆಲ್‌ನ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಇರಬೇಕು. ನಿಮ್ಮಲ್ಲಿರುವುದು ಐ5-2400, ಐ5-3470ರಂಥ ಎರಡನೇ, ಮೂರನೇ ತಲೆಮಾರಿನದಾದರೆ ಅದರ ಮೇಲೆ ಹೊಸ ಕಾರ್ಡಿನ ದುಡ್ಡು ಸುರಿಯಬೇಡಿ. ಕಾರ್ಡ್ ಎಷ್ಟು ಚುರುಕಾಗಿದ್ದರೂ ಪ್ರೊಸೆಸರ್ ಅದಕ್ಕೆ ಕೆಲಸ ಒದಗಿಸುವಷ್ಟರಲ್ಲಿ ಏದುಸಿರು ಬಿಡುತ್ತದೆ. ನನ್ನ ಲೆಕ್ಕ ಇಷ್ಟೇ: ಕಾರ್ಡಿನ ಬೆಲೆ ನಿಮ್ಮ ಮಷಿನ್‌ನ ಇವತ್ತಿನ ಬೆಲೆಗಿಂತ ಹೆಚ್ಚಾದರೆ ಒಂದು ವಾರ ನಿಲ್ಲಿ. ಎರಡನ್ನೂ ಕೂಡಿಸಿ ಬೇರೆ ಮಷಿನ್ ತೆಗೆದುಕೊಳ್ಳುವುದು ಲಾಭವಾ ಎಂದು ವಿಚಾರಿಸಿ.

ಎರಡನೇ ಹೆಜ್ಜೆ: ಕ್ಯಾಬಿನೆಟ್ ಬಿಚ್ಚಿ ಅಳೆಯಿರಿ

ವೈರ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಹಿಡಿದು, ಮುಚ್ಚಳ ತೆಗೆಯಿರಿ. ಆಫೀಸ್ ಮಷಿನ್‌ಗಳಲ್ಲಿ ಇದಕ್ಕೆ ಸ್ಕ್ರೂ ಡ್ರೈವರ್ ಕೂಡ ಬೇಡ, ಹಿಂದೆ ಅಥವಾ ಬದಿಯಲ್ಲಿ ಒಂದು ಚಿಲಕ ಇರುತ್ತದೆ. ಮಾದರಿಯ ಹೆಸರು ಮತ್ತು ಚೀಟಿಯ ಮೇಲಿನ ಸರ್ವೀಸ್ ಟ್ಯಾಗ್ ಅಥವಾ ಸೀರಿಯಲ್ ನಂಬರಿನ ಫೋಟೋ ತೆಗೆದುಕೊಳ್ಳಿ. ಇವನ್ನು ಇಟ್ಟುಕೊಂಡು ಕಂಪನಿಯ ವೆಬ್‌ಸೈಟ್‌ನಲ್ಲಿ ಕೈಪಿಡಿ ಇಳಿಸಿಕೊಳ್ಳಬಹುದು.

ಈ ಮಷಿನ್‌ಗಳು ಮುಖ್ಯವಾಗಿ ಮೂರು ಗಾತ್ರದಲ್ಲಿ ಬರುತ್ತವೆ. ಮಾನಿಟರ್ ಹಿಂದೆ ಸಿಕ್ಕಿಸುವಷ್ಟು ಚಿಕ್ಕವಕ್ಕೆ ಮೈಕ್ರೋ, ಮಿನಿ, ಟೈನಿ ಎಂದು ಹೆಸರು. ಅವುಗಳಲ್ಲಿ ಸಾಮಾನ್ಯವಾಗಿ ಕಾರ್ಡ್ ಸಿಕ್ಕಿಸುವ ಸ್ಲಾಟೇ ಇರುವುದಿಲ್ಲ. ಅಲ್ಲಿಗೆ ಆಸೆ ಬಿಡಬೇಕು. ನಡುವಿನದು ಎಸ್‌ಎಫ್‌ಎಫ್ (ಸ್ಮಾಲ್ ಫಾರ್ಮ್ ಫ್ಯಾಕ್ಟರ್). ಇದರಲ್ಲಿ ಸ್ಲಾಟ್ ಉಂಟು, ಆದರೆ ಗಿಡ್ಡ ಕಾರ್ಡ್ ಮಾತ್ರ ಕೂರುತ್ತದೆ. ಮೂರನೆಯದು ಟವರ್. ಇದರಲ್ಲಿ ಮಾಮೂಲಿ ಎತ್ತರದ ಕಾರ್ಡ್ ಕೂರುತ್ತದೆ.

ಗಿಡ್ಡವಾ, ಮಾಮೂಲಿಯಾ ಎಂದು ತಿಳಿಯಲು ಹಿಂಬದಿಯಲ್ಲಿ ಸ್ಲಾಟಿನ ನೇರಕ್ಕೆ ಇರುವ ತಗಡಿನ ಪಟ್ಟಿಯನ್ನು ಅಳೆಯಿರಿ. ಸುಮಾರು 12 ಸೆಂಟಿಮೀಟರ್ ಇದ್ದರೆ ಮಾಮೂಲಿ ಎತ್ತರ. ಸುಮಾರು 8 ಸೆಂಟಿಮೀಟರ್ ಇದ್ದರೆ ಲೋ ಪ್ರೊಫೈಲ್. ಲೋ ಪ್ರೊಫೈಲ್ ಕಾರ್ಡಿನ ಜೊತೆ ಗಿಡ್ಡ ಬ್ರಾಕೆಟ್ ಬರುತ್ತದಾ ಎಂದು ಕೊಳ್ಳುವಾಗಲೇ ಕೇಳಿ. ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವಾಗ ಆ ಚಿಕ್ಕ ತಗಡೇ ಕಳೆದುಹೋಗಿರುತ್ತದೆ. ಅದಿಲ್ಲದೆ ಕಾರ್ಡ್ ಭದ್ರವಾಗಿ ನಿಲ್ಲುವುದಿಲ್ಲ.

ಇನ್ನೆರಡು ಅಳತೆ ಬೇಕು. ಒಂದು ಉದ್ದ: ಹಿಂದಿನ ತಗಡಿನಿಂದ ಮುಂದೆ ಮೊದಲು ಅಡ್ಡ ಬರುವ ವಸ್ತುವಿನವರೆಗೆ. ಹಾರ್ಡ್ ಡಿಸ್ಕಿನ ಗೂಡು, ರ‍್ಯಾಮ್, ಡಿಸ್ಕಿಗೆ ಹೋಗುವ ಸಾಟಾ ಕೇಬಲ್‌ನ ತಲೆ, ಏನೇ ಇರಲಿ. ಇನ್ನೊಂದು ದಪ್ಪ. ಒಂದು ಸ್ಲಾಟಿನ ಜಾಗ ಎಂದರೆ ಸುಮಾರು 2 ಸೆಂಟಿಮೀಟರ್. ಫ್ಯಾನ್ ಇರುವ ಹೆಚ್ಚಿನ ಕಾರ್ಡ್‌ಗಳು ಎರಡು ಸ್ಲಾಟ್ ಅಗಲ ತಿನ್ನುತ್ತವೆ. ಕೆಲವು ಎಸ್‌ಎಫ್‌ಎಫ್ ಮಷಿನ್‌ಗಳಲ್ಲಿ ಉದ್ದದ ಸ್ಲಾಟ್ ಎಸ್‌ಎಂಪಿಎಸ್‌ನ ಪಕ್ಕಕ್ಕೇ ಅಂಟಿಕೊಂಡಿರುತ್ತದೆ. ಅಂಥದ್ದರಲ್ಲಿ ಒಂದೇ ಸ್ಲಾಟ್ ದಪ್ಪದ ಕಾರ್ಡ್ ಬಿಟ್ಟರೆ ಬೇರೆ ದಾರಿ ಇಲ್ಲ. ಅಳತೆಗಳನ್ನು ಫೋನಿನಲ್ಲಿ ಬರೆದಿಡಿ. ಅಂಗಡಿಯಲ್ಲಿ ನಿಂತಾಗ ಅಂದಾಜು ಉಪಯೋಗಕ್ಕೆ ಬರುವುದಿಲ್ಲ.

ಮೂರನೇ ಹೆಜ್ಜೆ: ಎಸ್‌ಎಂಪಿಎಸ್‌ನ ಚೀಟಿ ಓದಿ

ಈ ಹೆಜ್ಜೆಗೆ ಸ್ವಲ್ಪ ಹೆಚ್ಚು ಹೊತ್ತು ಕೊಡಿ. ಇಲ್ಲಿ ತಪ್ಪಿದರೆ ದುಡ್ಡಿನ ಜೊತೆ ಮಷಿನ್ ಕೂಡ ಹೋಗಬಹುದು.

ಎಸ್‌ಎಂಪಿಎಸ್ ಮೇಲೆ ಅಂಟಿಸಿದ ಚೀಟಿಯಲ್ಲಿ ಒಟ್ಟು ವ್ಯಾಟ್ ಬರೆದಿರುತ್ತದೆ. ಆಫೀಸ್ ಮಷಿನ್‌ಗಳಲ್ಲಿ ಇದು ಬಹಳ ಕಡಿಮೆ. ಉದಾಹರಣೆಗೆ ಆಪ್ಟಿಪ್ಲೆಕ್ಸ್ 7050ರ ಎಸ್‌ಎಫ್‌ಎಫ್ ಮಾದರಿಯಲ್ಲಿ 180 ವ್ಯಾಟ್, ಟವರ್ ಮಾದರಿಯಲ್ಲಿ 240 ವ್ಯಾಟ್. 65 ವ್ಯಾಟ್‌ನ ಪ್ರೊಸೆಸರ್, ಬೋರ್ಡು, ಡಿಸ್ಕು, ಫ್ಯಾನು ಎಲ್ಲ ಕಳೆದು ಉಳಿದದ್ದು ಕಾರ್ಡಿಗೆ.

ಪಿಸಿಐ ಎಕ್ಸ್‌ಪ್ರೆಸ್ ಉದ್ದದ ಸ್ಲಾಟ್ ತಾನಾಗಿ ಕಾರ್ಡಿಗೆ ಕೊಡಬಹುದಾದ ಗರಿಷ್ಠ ಪವರ್ 75 ವ್ಯಾಟ್. ಅದಕ್ಕಿಂತ ಜಾಸ್ತಿ ಬೇಕಾದ ಕಾರ್ಡ್‌ಗಳಿಗೆ ಎಸ್‌ಎಂಪಿಎಸ್‌ನಿಂದ ನೇರವಾಗಿ ಬೇರೆ ವೈರ್ ಬರಬೇಕು. ಆರು ಪಿನ್ನಿನ ವೈರ್ 75 ವ್ಯಾಟ್, ಎಂಟು ಪಿನ್ನಿನದು 150 ವ್ಯಾಟ್ ಕೊಡುತ್ತದೆ. ಆಫೀಸ್ ಮಷಿನ್‌ಗಳಲ್ಲಿ ಈ ವೈರ್ ಬಹುಪಾಲು ಇರುವುದೇ ಇಲ್ಲ. ಅಂದರೆ ನಮಗೆ ಬೇಕಾದದ್ದು 75 ವ್ಯಾಟ್‌ನ ಒಳಗಿನ, ಬೇರೆ ವೈರ್ ಕೇಳದ ಕಾರ್ಡ್. ಹುಡುಕುವಾಗ ಈ ಒಂದು ನಿಯಮ ಹಿಡಿದುಕೊಂಡರೆ ಪಟ್ಟಿ ಬಹಳ ಚಿಕ್ಕದಾಗುತ್ತದೆ. ಆಯ್ಕೆಯ ಗೊಂದಲವೂ ಹೋಗುತ್ತದೆ.

ಕೆಲವು ಎಸ್‌ಎಫ್‌ಎಫ್ ಮಷಿನ್‌ಗಳ ಕೈಪಿಡಿಯಲ್ಲಿ ಸ್ಲಾಟಿನ ಮಿತಿ 75ಕ್ಕಿಂತಲೂ ಕಡಿಮೆ ಎಂದು ಬರೆದಿರುತ್ತಾರೆ. ಅದಕ್ಕೇ ಕೈಪಿಡಿ ಇಳಿಸಿಕೊಳ್ಳಿ ಎಂದದ್ದು. ಅಂಥ ಮಷಿನ್‌ಗೆ 30ರಿಂದ 50 ವ್ಯಾಟ್‌ನ ಕಾರ್ಡೇ ಸರಿ.

"ಸಾಟಾ ವೈರ್‌ನಿಂದ ಆರು ಪಿನ್ ಮಾಡುವ ಕನ್ವರ್ಟರ್ ಉಂಟು, ಅಗ್ಗಕ್ಕೆ ಸಿಗ್ತದೆ" ಎಂದು ಯಾರಾದರೂ ಹೇಳುತ್ತಾರೆ. ದಯವಿಟ್ಟು ಬೇಡ. ಸಾಟಾ ಪವರ್ ಕನೆಕ್ಟರ್‌ನ 12 ವೋಲ್ಟ್ ಪಿನ್‌ಗಳು ಒಟ್ಟು ಹೊರುವುದೇ 54 ವ್ಯಾಟ್. ಆರು ಪಿನ್ನಿನ ಕಡೆಯಿಂದ ಕಾರ್ಡ್ 75ರವರೆಗೆ ಎಳೆಯಬಹುದು. ಪ್ಲಾಸ್ಟಿಕ್ ಕರಗುವುದು, ಸುಟ್ಟ ವಾಸನೆ ಬರುವುದು ಇಂಥ ಕಡೆಯೇ. ಮನೆಯಲ್ಲಿ ಮಕ್ಕಳು ಬಳಸುವ ಮಷಿನ್‌ನಲ್ಲಿ ಈ ಸಾಹಸ ಬೇಡವೇ ಬೇಡ.

ಎಸ್‌ಎಂಪಿಎಸ್ಸನ್ನೇ ಬದಲಿಸಬಹುದಲ್ವಾ ಎಂದರೆ, ಮಾಮೂಲಿ ಕಂಪ್ಯೂಟರ್‌ನಲ್ಲಿ ಸುಲಭ. ಇಲ್ಲಿ ಅಲ್ಲ. ಈ ಕಂಪನಿಗಳು ಬೋರ್ಡಿನ ಕನೆಕ್ಟರ್ ಅನ್ನೇ ಬೇರೆ ಮಾಡಿರುತ್ತವೆ. ಅಂಗಡಿಯ ಎಸ್‌ಎಂಪಿಎಸ್‌ನಲ್ಲಿರುವ 24 ಪಿನ್ನು ಅಲ್ಲಿ ಹೊಂದುವುದಿಲ್ಲ, ಆಕಾರವೂ ಬೇರೆ. ಟವರ್ ಮಾದರಿಯಾದರೆ ಪರಿವರ್ತಕ ಕೇಬಲ್ ತರಿಸಿ ಮಾಡುವವರು ಇದ್ದಾರೆ. ಆದರೆ ಎಸ್‌ಎಂಪಿಎಸ್, ಕೇಬಲ್, ಕಾರ್ಡ್ ಮೂರರ ಖರ್ಚು ಕೂಡಿಸಿದರೆ ಅದು ಬಜೆಟ್ ಕೆಲಸವಾಗಿ ಉಳಿಯುವುದಿಲ್ಲ.

ನಮ್ಮ ಊರಿನ ಕರೆಂಟಿನ ಮಾತು ಇಲ್ಲೇ ಹೇಳಬೇಕು. ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆಯ ತೋಟದ ಮನೆಗಳಲ್ಲಿ ಮಳೆಗಾಲ ಬಂತೆಂದರೆ ಮರ ಬಿದ್ದು ಕರೆಂಟ್ ಹೋಗುವುದು, ಬರುವುದು ನಡೆದೇ ಇರುತ್ತದೆ. ವೋಲ್ಟೇಜ್ ಏರಿಳಿತವೂ ಉಂಟು. ಯುಪಿಎಸ್ ಇಲ್ಲದಿದ್ದರೆ ಕಾರ್ಡಿಗಿಂತ ಮೊದಲು ಅದನ್ನು ತನ್ನಿ. ಮನೆಗಳಲ್ಲಿ ಸಾಮಾನ್ಯವಾಗಿ ಇರುವ 600 ವಿಎ ಯುಪಿಎಸ್ ನಿಜವಾಗಿ ಹೊರುವುದು 360 ವ್ಯಾಟ್ ಆಸುಪಾಸು. 75 ವ್ಯಾಟ್ ಒಳಗಿನ ಕಾರ್ಡ್ ಹಾಕಿದ ಆಫೀಸ್ ಮಷಿನ್, ಜೊತೆಗೊಂದು ಮಾನಿಟರ್, ಇವಕ್ಕೆ ಅದು ಸಾಕು. ಅರ್ತಿಂಗ್ ಕೂಡ ನೋಡಿಸಿ. ಮುರಕಲ್ಲಿನ ನೆಲ ಏಪ್ರಿಲ್, ಮೇ ಹೊತ್ತಿಗೆ ಒಣಗಿ ಅರ್ತಿಂಗ್ ದುರ್ಬಲವಾಗುತ್ತದೆ. ಕ್ಯಾಬಿನೆಟ್ ಮುಟ್ಟಿದಾಗ ಜುಮ್ ಎನ್ನುತ್ತದೆ ಎಂದರೆ ಎಲೆಕ್ಟ್ರಿಷಿಯನ್ ಬಂದು ಹೋಗುವವರೆಗೆ ಕಾರ್ಡಿನ ಯೋಚನೆ ಬದಿಗಿಡಿ.

ನಾಲ್ಕನೇ ಹೆಜ್ಜೆ: ಸ್ಲಾಟ್ ಯಾವ ಕಾಲದ್ದು?

ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೂ ತಲೆಮಾರು ಉಂಟು. ಇಂಟೆಲ್‌ನ ಹತ್ತನೇ ತಲೆಮಾರಿನವರೆಗಿನ ಡೆಸ್ಕ್‌ಟಾಪ್‌ಗಳಲ್ಲಿ ಇರುವುದು 3.0 ಅಥವಾ ಅದಕ್ಕಿಂತ ಹಳೆಯದು. ಹನ್ನೊಂದರಿಂದ 4.0 ಬಂತು. ಹೊಸ ಕಾರ್ಡ್ ಹಳೇ ಸ್ಲಾಟ್‌ನಲ್ಲಿ ಕೂರುತ್ತದೆ, ಓಡುತ್ತದೆ, ತೊಂದರೆ ಇಲ್ಲ. ಆದರೆ ಕೆಲವು ಅಗ್ಗದ ಕಾರ್ಡ್‌ಗಳಲ್ಲಿ ಕಂಪನಿಯವರು ಸಂಪರ್ಕದ ಸಾಲುಗಳನ್ನೇ ಕಡಿಮೆ ಮಾಡಿದ್ದಾರೆ. ಎಎಮ್‌ಡಿಯ ಆರ್‌ಎಕ್ಸ್ 6400 ನೋಡಲು ಪೂರ್ತಿ ಉದ್ದದ ಸ್ಲಾಟಿನ ಕಾರ್ಡ್, ಬಳಸುವುದು ನಾಲ್ಕೇ ಸಾಲು. 4.0 ಸ್ಲಾಟ್‌ನಲ್ಲಿ ಸೆಕೆಂಡಿಗೆ ಸುಮಾರು 8 ಜಿಬಿ ಹೋಗಬಹುದಾದಲ್ಲಿ 3.0ರಲ್ಲಿ ಸುಮಾರು 4 ಜಿಬಿ ಮಾತ್ರ. ಕಾರ್ಡಿನ ಮೆಮೊರಿ ತುಂಬಿ ರ‍್ಯಾಮ್‌ನ ಕಡೆ ಕೈ ಚಾಚಬೇಕಾದಾಗ ಗೇಮ್ ತಡವರಿಸುವುದು ಇದರಿಂದ.

ಇಂಟೆಲ್‌ನ ಆರ್ಕ್ ಕಾರ್ಡ್‌ಗಳ ಬೇಡಿಕೆ ಬೇರೆ. ಅವಕ್ಕೆ ರೀಸೈಜಬಲ್ ಬಾರ್ (ಕಾರ್ಡಿನ ಇಡೀ ಮೆಮೊರಿಯನ್ನು ಪ್ರೊಸೆಸರ್ ಒಮ್ಮೆಗೇ ತಲುಪುವ ವ್ಯವಸ್ಥೆ) ಎಂಬ ಸೌಲಭ್ಯ ಬಯಾಸ್‌ನಲ್ಲಿ, ಅಂದರೆ ವಿಂಡೋಸ್‌ಗಿಂತ ಮೊದಲು ಏಳುವ ಬೋರ್ಡಿನ ತಂತ್ರಾಂಶದಲ್ಲಿ ಇರಬೇಕು. ಇಲ್ಲದಿದ್ದರೆ ಗೇಮ್‌ನಲ್ಲಿ ವೇಗ ಬಹಳ ಬೀಳುತ್ತದೆ. ಇಂಟೆಲ್ ಹೇಳುವುದೇ ಹತ್ತನೇ ತಲೆಮಾರು ಅಥವಾ ಮೇಲಿನ ಪ್ರೊಸೆಸರ್ ಇರಲಿ ಎಂದು. ಆರನೇ, ಏಳನೇ ತಲೆಮಾರಿನ ಆಫೀಸ್ ಮಷಿನ್‌ಗೆ ಗೇಮ್ ಆಡಲು ಆರ್ಕ್ ತರಬೇಡಿ.

ಐದನೇ ಹೆಜ್ಜೆ: ಈಗ ಕಾರ್ಡ್ ಆರಿಸಿ

ಬೆಲೆ ತಿಂಗಳು ತಿಂಗಳಿಗೆ ಬದಲಾಗುವುದರಿಂದ ಅಂಕಿ ಬರೆಯುವುದಿಲ್ಲ. ಹೊಸ ಕಾರ್ಡಿನ ಬೆಲೆಯಲ್ಲಿ 18 ಶೇಕಡಾ ಜಿಎಸ್‌ಟಿ ಸೇರಿದೆಯಾ ಎಂದು ಕೇಳಿಕೊಂಡರೆ ಸಾಕು.

ಹೊಸದೇ ಬೇಕು, ಗೇಮ್ ಮತ್ತು ಎಡಿಟಿಂಗ್ ಎರಡೂ ಬೇಕು ಎನ್ನುವವರಿಗೆ ನಾನು ಹೇಳುವುದು ಎನ್‌ವಿಡಿಯಾ ಆರ್‌ಟಿಎಕ್ಸ್ 3050, ಆದರೆ 6 ಜಿಬಿಯದ್ದು. 2024ರ ಫೆಬ್ರವರಿಯಲ್ಲಿ ಬಂದ ಕಾರ್ಡ್. 70 ವ್ಯಾಟ್ ಸಾಕು, ಬೇರೆ ವೈರ್ ಕೇಳುವುದಿಲ್ಲ. ಗಿಡ್ಡ ಮಾದರಿಗಳೂ ಉಂಟು. ಬ್ಲೆಂಡರ್‌ನಲ್ಲಿ ರೆಂಡರ್ ಚುರುಕುಗೊಳಿಸುವ ಆಪ್ಟಿಕ್ಸ್ ಓಡುತ್ತದೆ, ವಿಡಿಯೋ ಕಟ್ಟುವ ಎನ್‌ಕೋಡರ್ ಚೆನ್ನಾಗಿದೆ. ಜಾಗ್ರತೆ ವಹಿಸಬೇಕಾದದ್ದು ಹೆಸರಿನ ವಿಷಯದಲ್ಲಿ. ಇದೇ ಹೆಸರಿನ 8 ಜಿಬಿ ಕಾರ್ಡ್ 2022ರದು. ಅದು 130 ವ್ಯಾಟ್ ಎಳೆಯುತ್ತದೆ, ಸಾಮಾನ್ಯವಾಗಿ ಎಂಟು ಪಿನ್ನಿನ ವೈರ್ ಕೇಳುತ್ತದೆ. ಅದು ಚುರುಕಾದ ಕಾರ್ಡ್ ಹೌದು, ನಮ್ಮ ಪೆಟ್ಟಿಗೆಗೆ ಆಗುವುದಿಲ್ಲ. "8 ಜಿಬಿಯದ್ದೇ ಸ್ವಲ್ಪ ಹೆಚ್ಚು ಕೊಟ್ರೆ ಸಿಗ್ತದಲ್ಲ" ಎಂದು ಅಂಗಡಿಯವರು ಹೇಳಿದರೂ ಮಣಿಯಬೇಡಿ. 2025ರಲ್ಲಿ ಬಂದ ಆರ್‌ಟಿಎಕ್ಸ್ 5050ಕ್ಕೂ ಇದೇ ಮಾತು, ಅದೂ 130 ವ್ಯಾಟ್.

ಸ್ವಲ್ಪ ಕಡಿಮೆ ಬಜೆಟ್‌ಗೆ ಜಿಟಿಎಕ್ಸ್ 1650. 2019ರದು, 4 ಜಿಬಿ, 75 ವ್ಯಾಟ್. ಸೆಕೆಂಡ್ ಹ್ಯಾಂಡ್‌ನಲ್ಲಿ ಧಾರಾಳ ಸಿಗುತ್ತದೆ. ಕೆಲವು ಕಂಪನಿಗಳ ಮಾದರಿಗಳಲ್ಲಿ ಆರು ಪಿನ್ ಇರುತ್ತದೆ, ಫೋಟೋದಲ್ಲಿ ಕಾರ್ಡಿನ ಮೇಲಂಚು ನೋಡಿ ಖಚಿತಪಡಿಸಿಕೊಳ್ಳಿ. ವ್ಯಾಲರಂಟ್, ಜಿಟಿಎ 5, ಮೈನ್‌ಕ್ರಾಫ್ಟ್‌ನಂಥ ಗೇಮ್‌ಗಳಿಗೆ 1080ಪಿ ಮಾನಿಟರ್‌ನಲ್ಲಿ ಇದು ಸಾಕು. ಹೆಸರಲ್ಲಿ ಹತ್ತಿರವಿರುವ ಜಿಟಿಎಕ್ಸ್ 1630 ಬೇಡ. 2022ರಲ್ಲಿ ಬಂದರೂ 1650ಕ್ಕಿಂತ ಎಷ್ಟೋ ನಿಧಾನ.

ಜಿಟಿಎಕ್ಸ್ 1050 ಟಿಐ 2016ರಿಂದ ಜನಪ್ರಿಯ. ಈಗ ಅದರ ಕಾಲ ಮುಗಿಯುತ್ತಾ ಬಂದಿದೆ. ಆ ಪೀಳಿಗೆಯ ಕಾರ್ಡ್‌ಗಳಿಗೆ ಹೊಸ ಗೇಮ್ ಡ್ರೈವರ್ (ಕಾರ್ಡ್ ಓಡಿಸುವ ತಂತ್ರಾಂಶ) ಕೊಡುವುದನ್ನು ಎನ್‌ವಿಡಿಯಾ 2025ರ ಅಕ್ಟೋಬರ್‌ಗೆ ನಿಲ್ಲಿಸಿತು. ಸುರಕ್ಷತೆಯ ಅಪ್‌ಡೇಟ್ ಮಾತ್ರ 2028ರ ಅಕ್ಟೋಬರ್‌ವರೆಗೆ ಎಂದು ಹೇಳಿದೆ. ತೀರಾ ಅಗ್ಗಕ್ಕೆ, ಗುರುತಿನವರಿಂದ ಸಿಕ್ಕರೆ ಮಾತ್ರ ತೆಗೆದುಕೊಳ್ಳಿ.

ಆರ್‌ಎಕ್ಸ್ 6400 ಹೇಳಿದೆನಲ್ಲ, 53 ವ್ಯಾಟ್, ಗಿಡ್ಡ, ಒಂದೇ ಸ್ಲಾಟ್ ದಪ್ಪದ ಮಾದರಿ ಸಿಗುತ್ತದೆ. ಜಾಗ ಇಲ್ಲದ ಎಸ್‌ಎಫ್‌ಎಫ್‌ನಲ್ಲಿ ಗೇಮ್ ಆಡಲು ಒಳ್ಳೆಯದು. ಆದರೆ ಯಕ್ಷಗಾನ, ಮದುವೆ ವಿಡಿಯೋ ಎಡಿಟ್ ಮಾಡುವವರು ಇದರ ಕಡೆ ಹೋಗಬೇಡಿ. ವಿಡಿಯೋ ಕಟ್ಟುವ ಎನ್‌ಕೋಡರನ್ನೇ ಇದರಲ್ಲಿ ಇಟ್ಟಿಲ್ಲ. ಗೇಮ್ ರೆಕಾರ್ಡ್ ಮಾಡಿ ಲೈವ್ ಬಿಡುವ ಹುಡುಗರಿಗೂ ಅದೇ ಕೊರತೆ.

ಎಡಿಟಿಂಗ್ ಮಾತ್ರ ಮುಖ್ಯ, ಮಷಿನ್ ಹತ್ತನೇ ತಲೆಮಾರಿನದೋ ಮೇಲಿನದೋ ಆಗಿದ್ದರೆ ಇಂಟೆಲ್ ಆರ್ಕ್ ಎ380 ಅಥವಾ ಎ310 ನೋಡಬಹುದು. ಎವಿ1 ಎಂಬ ಹೊಸ ವಿಡಿಯೋ ರೂಪ ಸೇರಿದಂತೆ ವಿಡಿಯೋ ಕೆಲಸದಲ್ಲಿ ಇವು ತಮ್ಮ ಬೆಲೆಗೆ ಮೀರಿ ದುಡಿಯುತ್ತವೆ. ಈಗಿನ ಕ್ಯಾಮೆರಾಗಳ ಬಣ್ಣದ ವಿವರ ಹೆಚ್ಚಿರುವ 10 ಬಿಟ್ 4:2:2 ಎಚ್‌ಇವಿಸಿ ಫೈಲ್‌ಗಳನ್ನೂ ಬಿಚ್ಚುತ್ತವೆ. ಎನ್‌ವಿಡಿಯಾದಲ್ಲಿ ಅದು ಬಂದದ್ದು 50ರ ಸರಣಿಯಿಂದ. ಎ380ಯ ಕೆಲವು ಮಾದರಿಗಳಿಗೆ ಎಂಟು ಪಿನ್ ವೈರ್ ಬೇಕು, ಅದನ್ನು ನೋಡಿಕೊಳ್ಳಿ.

ಕಂಪನಿಗಳ ವರ್ಕ್‌ಸ್ಟೇಷನ್‌ಗಳಿಂದ ಕಳಚಿದ ಎನ್‌ವಿಡಿಯಾದ ಕ್ವಾಡ್ರೋ ಜಾತಿಯ ಕಾರ್ಡ್‌ಗಳನ್ನು ನಮ್ಮವರು ಗಮನಿಸುವುದೇ ಕಡಿಮೆ. ಟಿ600 ಬರೇ 40 ವ್ಯಾಟ್, ಟಿ1000 50 ವ್ಯಾಟ್. ಎರಡೂ ಗಿಡ್ಡ, ಒಂದೇ ಸ್ಲಾಟ್. ಸ್ಲಾಟ್ ಮಿತಿ ಕಡಿಮೆ ಇರುವ ಎಸ್‌ಎಫ್‌ಎಫ್‌ಗಳಿಗೆ ಇದಕ್ಕಿಂತ ಹೊಂದುವ ಕಾರ್ಡ್ ಸಿಗುವುದು ಕಷ್ಟ. ಮಿನಿ ಡಿಸ್‌ಪ್ಲೇ ಪೋರ್ಟ್ ಇರುವುದರಿಂದ ಅದರ ಕನ್ವರ್ಟರ್ ಜೊತೆಗೇ ಕೇಳಿ ಪಡೆಯಿರಿ.

ಜಿಟಿ 710, ಜಿಟಿ 730 ಎಂದು ಅಂಗಡಿಗಳಲ್ಲಿ ಇನ್ನೂ ಹೊಸ ಡಬ್ಬಿಯಲ್ಲಿ ಸಿಗುತ್ತವೆ. ಅವು ಹತ್ತು ವರ್ಷಕ್ಕೂ ಹಳೆಯ ಚಿಪ್‌ಗಳು. ಏಳೆಂಟನೇ ತಲೆಮಾರಿನ ಪ್ರೊಸೆಸರ್‌ನಲ್ಲಿ ಈಗಾಗಲೇ ಇರುವ ಗ್ರಾಫಿಕ್ಸ್ ಮುಂದೆ ಅವುಗಳಿಂದ ಹೇಳಿಕೊಳ್ಳುವಂಥ ಲಾಭ ಇಲ್ಲ. ಜಿಟಿ 1030 ಸ್ವಲ್ಪ ವಾಸಿ. ಅದರಲ್ಲೂ ಜಿಡಿಡಿಆರ್5 ಮೆಮೊರಿ ಇರುವುದನ್ನೇ ತೆಗೆದುಕೊಳ್ಳಿ. ಡಿಡಿಆರ್4 ಮಾದರಿಯ ಮೆಮೊರಿ ವೇಗ ಅದರ ಅರ್ಧಕ್ಕಿಂತ ಎಷ್ಟೋ ಕಡಿಮೆ. ಹೆಸರು ಮಾತ್ರ ಒಂದೇ.

ಆರನೇ ಹೆಜ್ಜೆ: ಮಾನಿಟರ್ ಕೇಬಲ್

ಈಗಿನ ಕಾರ್ಡ್‌ಗಳಲ್ಲಿ ನೀಲಿ ಬಣ್ಣದ ವಿಜಿಎ ಪೋರ್ಟ್ ಇಲ್ಲ. ನಿಮ್ಮ ಮಾನಿಟರ್‌ನಲ್ಲಿ ವಿಜಿಎ ಮಾತ್ರ ಇದ್ದರೆ ಎಚ್‌ಡಿಎಂಐನಿಂದ ವಿಜಿಎಗೆ ಬದಲಿಸುವ ಆಕ್ಟಿವ್ ಕನ್ವರ್ಟರ್ ಬೇಕು. ಒಳಗೆ ಚಿಪ್ ಇಲ್ಲದ ಬರೀ ವೈರ್ ಕೆಲಸ ಮಾಡುವುದಿಲ್ಲ.

ಏಳನೇ ಹೆಜ್ಜೆ: ಎಲ್ಲಿ ಕೊಳ್ಳುವುದು, ಹೇಗೆ ಪರೀಕ್ಷಿಸುವುದು

ಕಾಸರಗೋಡು, ಕಾಞಂಗಾಡಿನ ಅಂಗಡಿಗಳಲ್ಲಿ ಗಿಡ್ಡ ಕಾರ್ಡ್ ಸ್ಟಾಕ್ ಇರುವುದು ಅಪರೂಪ, ತರಿಸಿ ಕೊಡುತ್ತಾರೆ. ತಲಪಾಡಿ ದಾಟಿದರೆ ಮಂಗಳೂರು, ಆಯ್ಕೆ ಸ್ವಲ್ಪ ಹೆಚ್ಚು. ಎಲ್ಲೇ ಆಗಲಿ, ಹೊಸದಕ್ಕೆ ಸೀರಿಯಲ್ ನಂಬರ್ ಬರೆದ ಬಿಲ್ ತೆಗೆದುಕೊಳ್ಳಿ. "ಅಣ್ಣಾ, ಕಾರ್ಡ್ ಹಾಳಾದ್ರೆ ಇಲ್ಲೇ ಕೊಡಬಹುದಾ, ಇಲ್ಲ ನಾವೇ ಸರ್ವೀಸ್ ಸೆಂಟರಿಗೆ ಹೋಗ್ಬೇಕಾ?" ಎಂದು ನೇರವಾಗಿ ಕೇಳಿ. ಪೈವಳಿಕೆಯಿಂದ ದೂರದ ಊರಿಗೆ ಪಾರ್ಸೆಲ್ ಮಾಡುತ್ತಾ ಕೂರುವುದಕ್ಕಿಂತ ನೂರಿನ್ನೂರು ಹೆಚ್ಚು ಕೊಟ್ಟು ಹತ್ತಿರದಲ್ಲಿ ಕೊಳ್ಳುವುದು ಎಷ್ಟೋ ಮೇಲು. ಆನ್‌ಲೈನ್ ಆದರೆ ವಾಪಸ್ ಮಾಡಲು ಎಷ್ಟು ದಿನ ಎಂಬುದನ್ನು ಆರ್ಡರ್ ಮಾಡುವ ಮೊದಲು ಓದಿ, ಡಬ್ಬಿ ಒಡೆಯುವುದನ್ನು ಫೋನಿನಲ್ಲಿ ವಿಡಿಯೋ ಮಾಡಿ.

ಸೆಕೆಂಡ್ ಹ್ಯಾಂಡ್‌ನಲ್ಲಿ ಮೋಸ ಎರಡು ಥರ. ಒಂದು, ಹತ್ತು ಹದಿನೈದು ವರ್ಷ ಹಳೆಯ ಕಾರ್ಡಿನ ಬಯಾಸ್ ತಿದ್ದಿ 1050 ಟಿಐ ಎಂದು ತೋರಿಸುವುದು. ವಿಂಡೋಸ್ ಕೂಡ ಅದನ್ನೇ ನಂಬುತ್ತದೆ. ಜಿಪಿಯು-ಜೆಡ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿ ನೋಡಿದರೆ ಇಂಥ ಎನ್‌ವಿಡಿಯಾ ಕಾರ್ಡ್‌ಗಳ ಹೆಸರಿನ ಜೊತೆ ನಕಲಿ ಎಂಬ ಗುರುತು ಬರುತ್ತದೆ. ಕೋರ್ ಎಷ್ಟು ಎಂದೂ ನೋಡಿ: 1050 ಟಿಐಗೆ 768, 1650ಕ್ಕೆ 896 ಇರಬೇಕು. ಇನ್ನೊಂದು, ಕ್ರಿಪ್ಟೋ ಮೈನಿಂಗ್‌ನಲ್ಲಿ ಹಗಲೂ ರಾತ್ರಿ ಓಡಿದ ಆರ್‌ಎಕ್ಸ್ 580ಯಂಥ ಕಾರ್ಡ್. ಅದಕ್ಕೆ 185 ವ್ಯಾಟ್ ಬೇಕಾದ್ದರಿಂದ ಈ ಲೇಖನದ ಓದುಗರಿಗೆ ಅದು ಹೇಗೂ ಆಗುವುದಿಲ್ಲ.

ಕಾರ್ಡ್ ಕೈಗೆ ಬಂದಾಗ ಬೆಳಕಿಗೆ ಹಿಡಿದು ನೋಡಿ. ಕುಂಬಳೆ, ಉಪ್ಪಳ, ಮಂಜೇಶ್ವರದ ಕಡಲ ಬದಿಯಲ್ಲಿ ಉಪ್ಪುಗಾಳಿಗೆ ಬ್ರಾಕೆಟ್, ಸ್ಕ್ರೂ ತುಕ್ಕು ಹಿಡಿದಿರುತ್ತವೆ. ಅಷ್ಟೇ ಆದರೆ ಪರವಾಗಿಲ್ಲ. ಬೋರ್ಡಿನ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಂಡರೆ ಬಿಡಿ. ಮಾರುವವರ ಮನೆಯಲ್ಲೇ ಕನಿಷ್ಠ ಅರ್ಧ ಗಂಟೆ ಗೇಮ್ ಓಡಿಸಿ ತೋರಿಸಲು ಹೇಳಿ. ಪರದೆಯ ಮೇಲೆ ಬಣ್ಣದ ಚುಕ್ಕಿ, ಗೆರೆ ಬಂದರೆ ಮೆಮೊರಿ ಹಾಳಾಗಿದೆ ಎಂದೇ ಲೆಕ್ಕ.

ಎಂಟನೇ ಹೆಜ್ಜೆ: ಜೋಡಣೆ, ಡ್ರೈವರ್

ಮೊದಲು ಬಯಾಸ್ ಅಪ್‌ಡೇಟ್ ಮಾಡಿ, ಕಂಪನಿಯ ವೆಬ್‌ಸೈಟ್‌ನಲ್ಲಿ ನಿಮ್ಮ ಮಾದರಿಗೆ ಸಿಗುತ್ತದೆ. ಯುಪಿಎಸ್ ಇಲ್ಲದೆ, ಮಳೆ ಗಾಳಿಯ ದಿನ ಈ ಕೆಲಸಕ್ಕೆ ಕೈ ಹಾಕಬೇಡಿ. ನಡುವೆ ಕರೆಂಟ್ ಹೋದರೆ ಬೋರ್ಡೇ ಏಳದೆ ಹೋಗಬಹುದು. ಮಷಿನ್ ಹಳೆಯದಾಗಿ ಲೆಗಸಿ ಎಂಬ ಹಳೇ ಮೋಡ್‌ನಲ್ಲಿ ಬೂಟ್ ಆಗುತ್ತಿದ್ದರೆ ಹೊಸ ಕಾರ್ಡ್ ಹಾಕಿದಾಗ ಪರದೆ ಕಪ್ಪಗೆ ನಿಲ್ಲುವುದುಂಟು. ಹೊಸ ಕಾರ್ಡ್‌ಗಳಿಗೆ ಯುಇಎಫ್‌ಐ ಎಂಬ ಹೊಸ ಬೂಟ್ ಮೋಡ್ ಹೊಂದುತ್ತದೆ.

ನಂತರ ವೈರ್ ಎಲ್ಲ ಕಿತ್ತು, ಕ್ಯಾಬಿನೆಟ್ಟಿನ ಬಣ್ಣ ಇಲ್ಲದ ಲೋಹವನ್ನು ಮುಟ್ಟಿ, ಹಿಂದಿನ ತಗಡು ತೆಗೆದು, ಕಾರ್ಡನ್ನು ಸ್ಲಾಟಿಗೆ ನೇರವಾಗಿ ಒತ್ತಿ. ಕಟ್ ಎಂದು ಚಿಲಕ ಕೂರಬೇಕು. ಮಾನಿಟರ್ ಕೇಬಲನ್ನು ಬೋರ್ಡಿನಿಂದ ತೆಗೆದು ಕಾರ್ಡಿಗೆ ಹಾಕಿ. ಚಿತ್ರ ಬರುತ್ತಿಲ್ಲ ಎಂದು ಕರೆ ಮಾಡುವವರಲ್ಲಿ ಹೆಚ್ಚಿನವರ ಕೇಬಲ್ ಇನ್ನೂ ಹಳೇ ಜಾಗದಲ್ಲೇ ಇರುತ್ತದೆ. ಕ್ವಿಕ್ ಸಿಂಕ್ ಕೂಡ ಉಳಿಯಬೇಕೆಂದರೆ ಬಯಾಸ್‌ನಲ್ಲಿ ಒಳಗಿನ ಗ್ರಾಫಿಕ್ಸ್ ಅನ್ನು ಎನೇಬಲ್ ಎಂದು ಇಡಿ, ಆಟೋ ಬಿಟ್ಟರೆ ಅದು ಸಾಮಾನ್ಯವಾಗಿ ಆಫ್ ಆಗುತ್ತದೆ. ಡ್ರೈವರ್ ಅನ್ನು ಎನ್‌ವಿಡಿಯಾ, ಎಎಮ್‌ಡಿ, ಇಂಟೆಲ್‌ನ ಸ್ವಂತ ವೆಬ್‌ಸೈಟ್‌ನಿಂದ ಮಾತ್ರ ಇಳಿಸಿ.

ಕೇರಳದ ಶಾಲೆಗಳಲ್ಲಿ ಮಕ್ಕಳು ಕಲಿಯುವುದು ರಾಜ್ಯ ಸರ್ಕಾರದ ಕೈಟ್ ಸಂಸ್ಥೆ ಕೊಡುವ, ವಿಂಡೋಸ್‌ನ ಬದಲಿಗೆ ಬಳಸುವ ಲಿನಕ್ಸ್‌ನಲ್ಲಿ. ಎಷ್ಟೋ ಮನೆಗಳಲ್ಲಿ ಅದನ್ನೇ ಹಾಕಿಕೊಂಡಿರುತ್ತಾರೆ. ಲಿನಕ್ಸ್ ಬಳಸುವವರಿಗೆ ಎಎಮ್‌ಡಿ ಸುಲಭ, ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಸೇರಿರುತ್ತದೆ. ಇಂಟೆಲ್ ಆರ್ಕ್‌ಗೂ ಹಾಗೆಯೇ, ಕರ್ನಲ್ ಹೊಸದಿರಬೇಕು ಅಷ್ಟೇ. ಎನ್‌ವಿಡಿಯಾಕ್ಕೆ ಅಡಿಷನಲ್ ಡ್ರೈವರ್ಸ್ ಎಂಬ ಸೆಟ್ಟಿಂಗ್‌ನಿಂದ ಬೇರೆಯಾಗಿ ಹಾಕಿಕೊಳ್ಳಬೇಕು.

ಕೊನೆಯದಾಗಿ ಮೊದಲ ವಾರದ ಕೆಲಸ

ವಾಪಸ್ ಮಾಡುವ ದಿನ ಮುಗಿಯುವ ಮೊದಲು ಕಾರ್ಡನ್ನು ಚೆನ್ನಾಗಿ ದುಡಿಸಿ. ಒಂದು ಗಂಟೆ ಗೇಮ್, ಒಂದು ಉದ್ದದ ವಿಡಿಯೋ ಎಕ್ಸ್‌ಪೋರ್ಟ್. ಜಿಪಿಯು-ಜೆಡ್‌ನಲ್ಲೇ ಬಿಸಿ ಎಷ್ಟು ಎಂದು ಕಾಣುತ್ತದೆ. 80 ಡಿಗ್ರಿಯ ಒಳಗಿದ್ದರೆ ನಿಶ್ಚಿಂತೆ. ಮೇಲೆ ಹೋದರೆ ಕ್ಯಾಬಿನೆಟ್ ಮುಂದಿನ ಜಾಲರಿಯ ಧೂಳು ತೆಗೆಯಿರಿ. ಗೋಡೆಗೆ ಒತ್ತಿ ಇಟ್ಟಿದ್ದರೆ ಒಂದು ಗೇಣು ಮುಂದೆ ಎಳೆಯಿರಿ. ಭಾರ ಬಿದ್ದಾಗ ಮಷಿನ್ ತಾನಾಗಿ ಆಫ್ ಆಗಿ ಏಳುತ್ತಿದ್ದರೆ ಎಸ್‌ಎಂಪಿಎಸ್‌ಗೆ ಹೊರೆ ಜಾಸ್ತಿ ಎಂದು ಅನುಮಾನಿಸಿ. ಕಾಯದೆ ಕಾರ್ಡ್ ವಾಪಸ್ ಮಾಡಿ, ಕಡಿಮೆ ವ್ಯಾಟ್‌ನದು ತನ್ನಿ.

ಮಳೆಗಾಲದಲ್ಲಿ ಮಷಿನ್ ಬಳಸದೆ ವಾರಗಟ್ಟಲೆ ಇಡಬೇಡಿ. ದಿನಕ್ಕೆ ಸ್ವಲ್ಪ ಹೊತ್ತು ಆನ್ ಮಾಡಿದರೆ ಅದರ ಬಿಸಿಗೇ ಒಳಗಿನ ತೇವ ಆರುತ್ತದೆ. ಅಕ್ಟೋಬರ್, ನವೆಂಬರ್‌ನ ತುಲಾ ಮಳೆಯ ಹೊತ್ತಿಗೆ ಮಧ್ಯಾಹ್ನದ ಮೇಲೆ ಗುಡುಗು ಕೇಳಿಸಿತೆಂದರೆ ಸ್ವಿಚ್ ಆಫ್ ಮಾಡಿದರೆ ಸಾಲದು. ಪ್ಲಗ್ಗನ್ನೇ ಕೀಳಿ, ಇಂಟರ್ನೆಟ್‌ನ ಕೇಬಲನ್ನೂ ಕೀಳಿ. ಸಿಡಿಲು ಎರಡೂ ದಾರಿಯಿಂದ ಬರುತ್ತದೆ. ಸಿಡಿಲಿಗೆ ಹೋದ ಕಾರ್ಡಿಗೆ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ.